ರಾಜ್ಯ ಹೆದ್ದಾರಿಯಲ್ಲಿ ಫಾಸ್ಟ್ಯಾಗ್ ಟೋಲ್: ಮನೆಯಿಂದ ಹೊರಡುವ ಮುನ್ನ ಏನು ನೋಡಬೇಕು, ಗೇಟಿನಲ್ಲಿ ಏನು ಮಾಡಬೇಕು, ತಪ್ಪಾಗಿ ಕಡಿತವಾದರೆ ಹಣ ವಾಪಸ್ ಪಡೆಯುವುದು ಹೇಗೆ

ಊರಿನ ಕಾರ್ತಿಕ ದೀಪೋತ್ಸವಕ್ಕೆಂದು ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಚಿಕ್ಕಮ್ಮ, ಅವರಿಬ್ಬರ ನಡುವೆ ಹೂವಿನ ಬುಟ್ಟಿ. ರಾಜ್ಯ ಹೆದ್ದಾರಿಯ ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಫಾಸ್ಟ್ಯಾಗ್‌ನಲ್ಲಿ ಉಳಿದಿರುವುದು ಹದಿನೆಂಟು ರೂಪಾಯಿ ಮಾತ್ರ ಎಂದು ನೆನಪಾಯಿತು. ಅಲ್ಲೇ ಮೊಬೈಲ್ ತೆಗೆದು 500 ರೂಪಾಯಿ ರೀಚಾರ್ಜ್ ಮಾಡಿದೆ. ಬ್ಯಾಂಕಿನಿಂದ ಸಂದೇಶವೂ ಬಂತು. ಆದರೆ ಗೇಟಿನ ಅಡ್ಡಪಟ್ಟಿ ಮೇಲೇಳಲಿಲ್ಲ. ಗೂಡಿನಲ್ಲಿದ್ದ ಹುಡುಗ ಕೈಯಲ್ಲಿ ಹಿಡಿಯುವ ರೀಡರ್ ತಂದು ಮುಂಗಾಜಿಗೆ ಒತ್ತಿ ಹಿಡಿದ. ಕೆಂಪು ದೀಪವೇ ಹತ್ತಿತು. 'ಮೇಡಂ, ನಿಮ್ಮ ಹಣ ಹೋಗಿರಬಹುದು, ಆದರೆ ನಮ್ಮ ಪಟ್ಟಿಗೆ ಇನ್ನೂ ಬಂದಿಲ್ಲ' ಎಂದ. ಹಿಂದೆ ಲಾರಿಗಳು ಹಾರ್ನ್ ಮಾಡುತ್ತಿದ್ದವು. ನಗದು ಕೊಟ್ಟು, ರಸೀದಿ ಪಡೆದು ಮುಂದೆ ಹೋದೆವು.

ಆ ಹುಡುಗ ಹೇಳಿದ ಮಾತಿನ ಅರ್ಥ ಏನೆಂದು ತಿಳಿದುಕೊಳ್ಳಲು ಹೊರಟಾಗಲೇ ಒಂದು ವಿಷಯ ನನಗೆ ಸ್ಪಷ್ಟವಾದದ್ದು: ರಾಷ್ಟ್ರೀಯ ಹೆದ್ದಾರಿಯ ಟೋಲ್ ಬಗ್ಗೆ ನಾವು ಕೇಳಿ ಕಲಿತ ಎಷ್ಟೋ ಸಂಗತಿಗಳು ರಾಜ್ಯ ಹೆದ್ದಾರಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಮುಂಗಾಜಿನ ಮೇಲಿರುವ ಟ್ಯಾಗ್ ಒಂದೇ ಆದರೂ ನಿಯಮ, ದರ, ರಿಯಾಯಿತಿ ಮತ್ತು ದೂರು ಕೊಡುವ ಜಾಗ ಎಲ್ಲವೂ ಬೇರೆ. ಈ ವ್ಯತ್ಯಾಸ ಗೊತ್ತಿದ್ದವರಿಗೆ ಟೋಲ್ ಗೇಟಿನಲ್ಲಿ ಗಲಾಟೆಯೂ ಇಲ್ಲ, ನಷ್ಟವೂ ಇಲ್ಲ. ಕರ್ನಾಟಕದ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ನೀವು ಹೋಗುತ್ತಿರುವುದು ಯಾರ ರಸ್ತೆ?

ರಸ್ತೆ ಬದಿಯ ಕಿಲೋಮೀಟರ್ ಕಲ್ಲನ್ನು ನೋಡಿ. ತಲೆಯ ಭಾಗ ಹಳದಿ ಇದ್ದರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಹಲವು ರಾಜ್ಯ ಹೆದ್ದಾರಿಗಳು ಈಚಿನ ವರ್ಷಗಳಲ್ಲಿ ರಾಷ್ಟ್ರೀಯ ಹೆದ್ದಾರಿಗಳಾಗಿ ಮೇಲ್ದರ್ಜೆಗೇರಿವೆ. ಹಾಗಾಗಿ ಕಲ್ಲಿನ ಬಣ್ಣದ ಜೊತೆಗೆ ಟೋಲ್ ಗೇಟಿಗೆ ಮುಂಚೆ ಬರುವ ದೊಡ್ಡ ಫಲಕವನ್ನೂ ಓದಬೇಕು. ಯಾವ ಅಧಿಸೂಚನೆಯಂತೆ ಶುಲ್ಕ ವಸೂಲಾಗುತ್ತಿದೆ, ಯಾವ ಸಂಸ್ಥೆಯ ಪರವಾಗಿ ವಸೂಲಾಗುತ್ತಿದೆ ಎಂಬುದು ಅಲ್ಲಿರುತ್ತದೆ.

ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗೆ ಆಧಾರ ಕೇಂದ್ರ ಸರ್ಕಾರದ 2008ರ ಹೆದ್ದಾರಿ ಶುಲ್ಕ ನಿಯಮಗಳು. ಎರಡು ಟೋಲ್‌ಗಳ ನಡುವೆ 60 ಕಿಲೋಮೀಟರ್ ಅಂತರವಿರಬೇಕು ಎಂಬ ಮಾತು, 24 ಗಂಟೆಯೊಳಗೆ ಮರಳಿದರೆ ಹೋಗಿಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ ಎಂಬ ಲೆಕ್ಕ, 20 ಕಿಲೋಮೀಟರ್ ಒಳಗಿನ ಸ್ಥಳೀಯರ ಮಾಸಿಕ ಪಾಸ್, ಇವೆಲ್ಲ ಆ ನಿಯಮಗಳಿಂದ ಬಂದವು. ರಾಜ್ಯ ಹೆದ್ದಾರಿಯಲ್ಲಿ ಶುಲ್ಕ ನಿಗದಿ ಮಾಡುವುದು ರಾಜ್ಯ ಸರ್ಕಾರ. ಲೋಕೋಪಯೋಗಿ ಇಲಾಖೆ, 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ, ಮತ್ತು ಜನ ಕೆಶಿಪ್ ಎಂದು ಕರೆಯುವ ರಾಜ್ಯ ಹೆದ್ದಾರಿ ಅಭಿವೃದ್ಧಿ ಯೋಜನೆ, ಈ ಮೂರರಲ್ಲಿ ಒಂದರ ಹೆಸರನ್ನು ನೀವು ಸಾಮಾನ್ಯವಾಗಿ ಫಲಕದಲ್ಲಿ ಕಾಣುತ್ತೀರಿ. ಧಾರವಾಡ–ಅಳ್ನಾವರ–ರಾಮನಗರ ಅಥವಾ ಕಲಬುರಗಿ ಭಾಗದ ವಾಗ್ದರಿ–ರಿಬ್ಬನಪಲ್ಲಿಯಂಥ ರಸ್ತೆಗಳನ್ನು ಖಾಸಗಿ ಕಂಪನಿಗಳು ಕಟ್ಟಿ, ನಡೆಸಿ, ಟೋಲ್ ಮೂಲಕ ಹೂಡಿಕೆ ವಾಪಸ್ ಪಡೆಯುವ ಒಪ್ಪಂದದಲ್ಲಿ ಮಾಡಲಾಯಿತು. ಅಂಥ ಕಡೆ ಗೇಟಿನಲ್ಲಿ ಕುಳಿತವರು ಕಂಪನಿಯವರೇ ಆದರೂ ದರ ಮತ್ತು ವಿನಾಯಿತಿಯನ್ನು ಹೇಳಬೇಕಾದದ್ದು ಸರ್ಕಾರದ ಅಧಿಸೂಚನೆ.

ಆದ್ದರಿಂದ ರಾಜ್ಯ ಹೆದ್ದಾರಿಯ ಗೇಟಿನಲ್ಲಿ 'ಅರವತ್ತು ಕಿಲೋಮೀಟರ್ ಆಗಿಲ್ಲ, ನಾನು ಕೊಡುವುದಿಲ್ಲ' ಎಂದು ವಾದಿಸಿ ಪ್ರಯೋಜನವಿಲ್ಲ. ಅದೇ ರೀತಿ, ರಾಷ್ಟ್ರೀಯ ಹೆದ್ದಾರಿಯ ದಂಡದ ಲೆಕ್ಕವನ್ನು ಇಲ್ಲಿ ನಿಮ್ಮ ಮೇಲೆ ಹೇರಲು ಬಂದರೆ, 'ನಿಮ್ಮ ಅಧಿಸೂಚನೆಯಲ್ಲಿ ಎಲ್ಲಿದೆ ತೋರಿಸಿ' ಎಂದು ಕೇಳುವುದು ನಿಮ್ಮ ಹಕ್ಕು.

ಎರಡನೇ ಹಂತ: ಟ್ಯಾಗ್ ಓದಿಕೊಂಡಾಗ ಏನಾಗುತ್ತದೆ ಎಂಬುದನ್ನು ಒಮ್ಮೆ ಅರ್ಥ ಮಾಡಿಕೊಳ್ಳಿ

ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ, ಹಣವೂ ಇಲ್ಲ. ಒಂದು ಸಣ್ಣ ಚಿಪ್, ಅದರ ಸುತ್ತ ತೆಳುವಾದ ಆಂಟೆನಾ, ಅಷ್ಟೆ. ಲೇನಿನ ಮೇಲೆ ಇಟ್ಟಿರುವ ರೀಡರ್ 865ರಿಂದ 867 ಮೆಗಾಹರ್ಟ್ಸ್ ತರಂಗವನ್ನು ಬಿಡುತ್ತದೆ. ಆ ತರಂಗದ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ. ಇದರ ಜೊತೆಗೆ ಕ್ಯಾಮೆರಾ ನಂಬರ್ ಪ್ಲೇಟಿನ ಚಿತ್ರ ತೆಗೆಯುತ್ತದೆ, ಇನ್ನೊಂದು ಸಾಧನ ವಾಹನದ ಚಕ್ರಗಳ ಅಚ್ಚುಗಳನ್ನು (ಆಕ್ಸಲ್) ಎಣಿಸಿ ಅದು ಕಾರೋ, ಲಾರಿಯೋ ಎಂದು ಅಂದಾಜು ಮಾಡುತ್ತದೆ.

ನಂತರ ಆ ಟೋಲ್‌ನ ಹಣ ಸ್ವೀಕರಿಸುವ ಬ್ಯಾಂಕ್ ಈ ವಿವರವನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ವ್ಯವಸ್ಥೆಗೆ ಕಳುಹಿಸುತ್ತದೆ. ಯುಪಿಐ ನಡೆಸುವ ಸಂಸ್ಥೆಯೇ ಇದು. ಅಲ್ಲಿಂದ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೋಗಿ ಹಣ ಕಡಿತವಾಗುತ್ತದೆ, ನಿಮಗೆ ಸಂದೇಶ ಬರುತ್ತದೆ. ಗೇಟ್ ತೆರೆಯುವುದು ಈ ಪ್ರಯಾಣ ಪೂರ್ತಿ ಮುಗಿದ ಮೇಲಲ್ಲ. ನಿಮ್ಮ ಟ್ಯಾಗ್ ಸಕ್ರಿಯವಾಗಿದೆಯೋ, ಹಣ ಸಾಲದೆಯೋ ದಾಖಲೆ ಸರಿಯಿಲ್ಲದೆಯೋ ತಡೆಹಿಡಿದ ಟ್ಯಾಗ್‌ಗಳ ಕಪ್ಪುಪಟ್ಟಿಯಲ್ಲಿದೆಯೋ ಎಂಬುದನ್ನು ನೋಡಿಕೊಂಡು ಗೇಟ್ ಮೊದಲು ತೆರೆಯುತ್ತದೆ, ಹಣ ಆಮೇಲೆ ಕಡಿತವಾಗುತ್ತದೆ. ಕೆಲವೊಮ್ಮೆ ನೀವು ಊರು ತಲುಪಿ ಊಟ ಮಾಡುವಾಗ ಸಂದೇಶ ಬರುವುದು ಇದೇ ಕಾರಣಕ್ಕೆ.

ಗೂಡಿನ ಹುಡುಗ ಹೇಳಿದ 'ಪಟ್ಟಿ' ಇದೇ. 2025ರ ಫೆಬ್ರವರಿಯಲ್ಲಿ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಒಂದು ಸ್ಪಷ್ಟನೆ ಕೊಟ್ಟಿತು. ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗಳೆಲ್ಲ ಐಸಿಡಿ 2.5 ಎಂಬ ವ್ಯವಸ್ಥೆಯಲ್ಲಿ ನಡೆಯುತ್ತಿವೆ, ಅದರಲ್ಲಿ ಟ್ಯಾಗ್‌ನ ಸ್ಥಿತಿ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಆದರೆ ರಾಜ್ಯ ಹೆದ್ದಾರಿಗಳ ಕೆಲವು ಟೋಲ್‌ಗಳು ಇನ್ನೂ ಐಸಿಡಿ 2.4ರಲ್ಲಿವೆ, ಅಲ್ಲಿ ಟ್ಯಾಗ್‌ಗಳ ಪಟ್ಟಿಯನ್ನು ಆಗಾಗ ತರಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಅಂದರೆ ಹಳೆಯ ವ್ಯವಸ್ಥೆಯ ಗೇಟಿನ ಕಂಪ್ಯೂಟರ್ ನೋಡುವುದು ಸ್ವಲ್ಪ ಹೊತ್ತಿನ ಹಿಂದಿನ ಪಟ್ಟಿಯನ್ನು. ನೀವು ಸಾಲಿನಲ್ಲಿ ನಿಂತು ಹಾಕಿದ ಹಣ ಅದಕ್ಕೆ ಕಾಣುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಡೆದ ಉಪಾಯ ರಾಜ್ಯ ಹೆದ್ದಾರಿಯಲ್ಲಿ ಕೈಕೊಡುವುದು ಇಲ್ಲಿಯೇ.

ಮೂರನೇ ಹಂತ: ಟ್ಯಾಗ್ ಪಡೆದು, ಸರಿಯಾಗಿ ಅಂಟಿಸುವುದು

2017ರ ಡಿಸೆಂಬರ್ 1ರಿಂದ ಮಾರಾಟವಾದ ಹೊಸ ಕಾರುಗಳಿಗೆ ಟ್ಯಾಗ್ ಅಂಟಿಸಿಯೇ ಕೊಡಬೇಕೆಂಬ ನಿಯಮವಿದೆ. ಹಳೆಯ ವಾಹನವಾದರೆ ಯಾವುದಾದರೂ ಬ್ಯಾಂಕಿನ ಆ್ಯಪ್ ಅಥವಾ ಟೋಲ್ ಬಳಿಯ ಕೌಂಟರಿನಲ್ಲಿ ಪಡೆಯಬಹುದು. ಆರ್‌ಸಿ ಮತ್ತು ಗುರುತಿನ ಚೀಟಿ ಬೇಕು. ನೀವು ದಿನವೂ ಬಳಸುವ ಬ್ಯಾಂಕಿನಿಂದಲೇ ಪಡೆಯಿರಿ ಎಂಬುದು ನನ್ನ ಸಲಹೆ. ನಾಳೆ ಒಂದು ತಕರಾರು ಬಂದರೆ ಮಾತನಾಡಬೇಕಾದದ್ದು ಟ್ಯಾಗ್ ಕೊಟ್ಟ ಬ್ಯಾಂಕಿನ ಜೊತೆಗೇ. ದಾರಿಬದಿಯ ಕೊಡೆಯ ಕೆಳಗೆ ಯಾರೋ ಮಾರಿದ ಟ್ಯಾಗ್ ಯಾವ ಬ್ಯಾಂಕಿನದು ಎಂದೇ ತಿಳಿಯದವರನ್ನು ನಾನು ನೋಡಿದ್ದೇನೆ.

ಟ್ಯಾಗ್ ಬಂದ ದಿನವೇ ಎರಡು ಸಂಗತಿ ಪರೀಕ್ಷಿಸಿ. ಒಂದು, ನೋಂದಣಿ ಸಂಖ್ಯೆಯ ಪ್ರತಿ ಅಕ್ಷರ. ಹೊಸ ಕಾರಾದರೆ ಶೋರೂಮಿನವರು ಚಾಸಿಸ್ ಸಂಖ್ಯೆಯ ಮೇಲೆ ಟ್ಯಾಗ್ ಕೊಟ್ಟಿರುತ್ತಾರೆ. ನಂಬರ್ ಬಂದ ಮೇಲೆ 90 ದಿನದೊಳಗೆ ಅದನ್ನು ಬ್ಯಾಂಕಿಗೆ ತಿಳಿಸದಿದ್ದರೆ ಟ್ಯಾಗ್ ನಿಂತುಹೋಗುವ ದಾರಿ ಹಿಡಿಯುತ್ತದೆ. ಎರಡು, ವಾಹನದ ವರ್ಗ. ಕಾರು, ಜೀಪು, ವ್ಯಾನುಗಳದು ವರ್ಗ 4. ಸಣ್ಣ ಸರಕು ವಾಹನ ಇಟ್ಟುಕೊಂಡವರು ಇದನ್ನು ಎರಡೆರಡು ಸಲ ನೋಡಬೇಕು, ಏಕೆಂದರೆ ವರ್ಗ ತಪ್ಪಾಗಿದ್ದರೆ ಪ್ರತಿ ಗೇಟಿನಲ್ಲೂ ತಪ್ಪು ದರವೇ ಬೀಳುತ್ತದೆ.

ಅಂಟಿಸುವ ಜಾಗ ಮುಂಗಾಜಿನ ಒಳಭಾಗ, ಮೇಲೆ ಮಧ್ಯದಲ್ಲಿ, ಹಿಂನೋಟದ ಕನ್ನಡಿಯ ಹಿಂದೆ. ಗಾಜನ್ನು ಒಣಬಟ್ಟೆಯಿಂದ ಒರೆಸಿ, ಮಧ್ಯದಿಂದ ಅಂಚಿನ ಕಡೆಗೆ ಬೆರಳಿನಲ್ಲಿ ಒತ್ತುತ್ತಾ ಹೋಗಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು. ಒಮ್ಮೆ ಅಂಟಿದ ಟ್ಯಾಗನ್ನು ಕಿತ್ತರೆ ಆಂಟೆನಾ ಹರಿಯುತ್ತದೆ, ಮತ್ತೆ ಅಂಟಿಸಿದರೂ ಅದು ಮಾತನಾಡುವುದಿಲ್ಲ. ಅದಕ್ಕಾಗಿಯೇ ಕೆಲವರು ಟ್ಯಾಗನ್ನು ಅಂಟಿಸದೆ ಡ್ಯಾಶ್‌ಬೋರ್ಡಿನಲ್ಲಿಟ್ಟು ಗೇಟಿನಲ್ಲಿ ಎತ್ತಿ ತೋರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್‌ಗಳನ್ನು ವರದಿ ಮಾಡಿ ಕಪ್ಪುಪಟ್ಟಿಗೆ ಸೇರಿಸುವ ಕ್ರಮವನ್ನು 2025ರ ಜುಲೈಯಲ್ಲಿ ಹೆದ್ದಾರಿ ಪ್ರಾಧಿಕಾರ ಬಿಗಿಗೊಳಿಸಿದೆ. ಟ್ಯಾಗ್ ಒಂದು ಕಡೆ ಕಪ್ಪುಪಟ್ಟಿಗೆ ಸೇರಿದರೆ ರಾಜ್ಯ ಹೆದ್ದಾರಿಯಲ್ಲೂ ಅದು ನಡೆಯದು.

ನಾಲ್ಕನೇ ಹಂತ: ಹೊರಡುವ ಹಿಂದಿನ ರಾತ್ರಿ

ಈ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ರೀಚಾರ್ಜನ್ನು ಹಿಂದಿನ ರಾತ್ರಿಯೇ ಮುಗಿಸಿ. ಕಾರಿಗೆ ಗಾಳಿ, ಪೆಟ್ರೋಲು ನೋಡುವಂತೆಯೇ ಇದನ್ನೂ ನೋಡಬೇಕು.

ಬ್ಯಾಂಕಿನ ಆ್ಯಪ್ ಅಥವಾ ನೀವು ಬಳಸುವ ಯಾವುದೇ ಯುಪಿಐ ಆ್ಯಪ್ ತೆರೆದು ಫಾಸ್ಟ್ಯಾಗ್ ರೀಚಾರ್ಜ್ ಎಂಬ ವಿಭಾಗಕ್ಕೆ ಹೋಗಿ. ಟ್ಯಾಗ್ ಕೊಟ್ಟ ಬ್ಯಾಂಕಿನ ಹೆಸರು ಆರಿಸಿ ವಾಹನದ ಸಂಖ್ಯೆ ನಮೂದಿಸಿ. ಮಾಲೀಕರ ಹೆಸರು ಮತ್ತು ಈಗಿನ ಬ್ಯಾಲೆನ್ಸ್ ಪರದೆಯ ಮೇಲೆ ಬರುತ್ತದೆ. ಆ ಹೆಸರನ್ನು ಓದದೆ ಹಣ ಕಳುಹಿಸಬೇಡಿ, ಒಂದು ಅಂಕಿ ತಪ್ಪಿದರೆ ಬೇರೆಯವರ ಕಾರಿಗೆ ಹಣ ಹೋಗುತ್ತದೆ.

ಬ್ಯಾಲೆನ್ಸ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಟ್ಯಾಗ್‌ನ ಸ್ಥಿತಿಯನ್ನೂ ನೋಡಬೇಕು. ಗ್ರಾಹಕರ ಗುರುತಿನ ದಾಖಲೆ ನವೀಕರಿಸದಿದ್ದರೆ, ವಾಹನದ ವಿವರ ಹೊಂದದಿದ್ದರೆ, ಒಂದೇ ವಾಹನಕ್ಕೆ ಎರಡು ಟ್ಯಾಗ್ ಇದ್ದರೆ, ಖಾತೆಯಲ್ಲಿ ಸಾವಿರ ರೂಪಾಯಿ ಇದ್ದರೂ ಟ್ಯಾಗ್ ನಿಂತಿರಬಹುದು. ರಾಷ್ಟ್ರೀಯ ಪಾವತಿ ನಿಗಮದ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿದರೆ ಟ್ಯಾಗ್ ಯಾವ ಬ್ಯಾಂಕಿನದು, ಸಕ್ರಿಯವೋ ಅಲ್ಲವೋ ಎಂಬುದು ತಿಳಿಯುತ್ತದೆ. ಎರಡು ನಿಮಿಷದ ಕೆಲಸ.

ಇನ್ನೊಂದು ನಿಯಮ ತಿಳಿದಿರಲಿ. 2025ರ ಫೆಬ್ರವರಿ 17ರಿಂದ ಜಾರಿಗೆ ಬಂದ ಪಾವತಿ ನಿಗಮದ ಸುತ್ತೋಲೆಯಂತೆ, ಗೇಟಿನಲ್ಲಿ ಟ್ಯಾಗ್ ಓದುವುದಕ್ಕೆ 60 ನಿಮಿಷಕ್ಕೂ ಹಿಂದಿನಿಂದ ಅದು ನಿಷ್ಕ್ರಿಯವಾಗಿದ್ದು, ಓದಿದ 10 ನಿಮಿಷದವರೆಗೂ ಹಾಗೆಯೇ ಇದ್ದರೆ ಆ ವಹಿವಾಟು ತಿರಸ್ಕೃತವಾಗುತ್ತದೆ. ಇದು ಮುಖ್ಯವಾಗಿ ಬ್ಯಾಂಕುಗಳ ನಡುವಿನ ತಕರಾರಿಗಾಗಿ ಮಾಡಿದ್ದು ಎಂದು ಹೆದ್ದಾರಿ ಪ್ರಾಧಿಕಾರ ಆಮೇಲೆ ವಿವರಿಸಿತು. ಆದರೂ ಹಳೆಯ ಪಟ್ಟಿಯ ಗೇಟಿನ ಮುಂದೆ ಯಾವ ವಿವರಣೆಯೂ ನೆರವಿಗೆ ಬರುವುದಿಲ್ಲ. ಹಿಂದಿನ ರಾತ್ರಿ ಹಾಕಿದ ಹಣವೇ ನೆರವಿಗೆ ಬರುವುದು.

ವಾರ್ಷಿಕ ಪಾಸ್ ಇದ್ದವರು ಇದನ್ನು ಓದದೆ ಹೊರಡಬೇಡಿ

2025ರ ಆಗಸ್ಟ್ 15ರಂದು ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು. ಆರಂಭದ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ದಾಟುವುದು, ಯಾವುದು ಮೊದಲೋ ಅದು. ಒಳ್ಳೆಯ ಯೋಜನೆ, ಆಗಾಗ ಬೆಂಗಳೂರು–ಮೈಸೂರು ಓಡಾಡುವವರಿಗೆ ಬಹಳ ಉಳಿತಾಯ. ಆದರೆ ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್ ಮಾರ್ಗಗಳ ಟೋಲ್‌ಗಳಲ್ಲಿ ಮಾತ್ರ. ರಾಜ್ಯ ಹೆದ್ದಾರಿಯ ಗೇಟಿನಲ್ಲಿ ನಿಮ್ಮ ಟ್ಯಾಗ್ ಒಂದು ಸಾಮಾನ್ಯ ಫಾಸ್ಟ್ಯಾಗ್ ಅಷ್ಟೆ. ಹಣ ನೀವು ರೀಚಾರ್ಜ್ ಮಾಡಿಟ್ಟ ಟ್ಯಾಗ್ ಖಾತೆಯಿಂದಲೇ, ಅಂದರೆ ವ್ಯಾಲೆಟ್‌ನಿಂದಲೇ ಹೋಗಬೇಕು.

ಒಂದು ದಾರಿಯನ್ನೇ ನೋಡೋಣ. ಮೈಸೂರಿನಿಂದ ಹೊರಟು ತುಮಕೂರಿಗೆ ಹೋಗಬೇಕು. ಶ್ರೀರಂಗಪಟ್ಟಣದ ಗಣಂಗೂರು ಟೋಲ್ ರಾಷ್ಟ್ರೀಯ ಹೆದ್ದಾರಿ 275ರದು. ಅಲ್ಲಿ ಪಾಸಿನಿಂದ ಒಂದು ಸಲ ಕಡಿಮೆಯಾಗುತ್ತದೆ, ಹಣ ಹೋಗುವುದಿಲ್ಲ. ಮದ್ದೂರಿನಲ್ಲಿ ಎಡಕ್ಕೆ ತಿರುಗಿ ಹುಲಿಯೂರುದುರ್ಗ, ಕುಣಿಗಲ್ ದಾರಿ ಹಿಡಿದರೆ ಅದು ಮಳವಳ್ಳಿಯಿಂದ ಪಾವಗಡದವರೆಗೆ ಕೆಶಿಪ್ ಅಭಿವೃದ್ಧಿಪಡಿಸಿದ ರಾಜ್ಯ ಹೆದ್ದಾರಿ 33. ಆ ರಸ್ತೆಯ ಟೋಲ್‌ಗೆ ಪಾಸ್ ಲೆಕ್ಕಕ್ಕೇ ಬರುವುದಿಲ್ಲ. 'ಪಾಸ್ ಇದೆಯಲ್ಲ' ಎಂದು ವ್ಯಾಲೆಟ್‌ನಲ್ಲಿ ಹಣ ಇಡದವರು ಸಿಕ್ಕಿಬೀಳುವುದು ಇಂಥ ತಿರುವುಗಳಲ್ಲಿ. ನನ್ನ ಅಣ್ಣನಿಗೂ ಹೀಗೇ ಆಯಿತು. ಆತ ಮೂರು ತಿಂಗಳು ವ್ಯಾಲೆಟ್ ತೆರೆದೇ ನೋಡಿರಲಿಲ್ಲ. ಪಾಸ್ ಇರಲಿ, ಇಲ್ಲದಿರಲಿ, ವ್ಯಾಲೆಟ್‌ನಲ್ಲಿ ಮುನ್ನೂರು ನಾನೂರು ರೂಪಾಯಿ ಯಾವಾಗಲೂ ಇರಲಿ.

ಐದನೇ ಹಂತ: ಗೇಟಿನಲ್ಲಿ

ದರದ ಫಲಕವನ್ನು ದೂರದಿಂದಲೇ ಓದಿ. ಒಂದು ಸಲದ ದರ, ಹೋಗಿಬರುವ ದರ ಇದ್ದರೆ ಅದು, ಮಾಸಿಕ ಪಾಸಿನ ದರ, ಯಾರಿಗೆ ವಿನಾಯಿತಿ, ದರ ಯಾವ ದಿನಾಂಕದಿಂದ ಜಾರಿ, ಇವೆಲ್ಲ ಅಲ್ಲಿರಬೇಕು. ಹೊಸ ರಸ್ತೆಯಾದರೆ ಪಕ್ಕದಲ್ಲಿ ಕುಳಿತವರಿಗೆ ಹೇಳಿ ಒಂದು ಫೋಟೊ ತೆಗೆಸಿ. ಮುಂದೆ ತಕರಾರು ಬಂದರೆ ಆ ಫೋಟೊ ನೂರು ಮಾತಿಗೆ ಸಮ. ರಾಷ್ಟ್ರೀಯ ಹೆದ್ದಾರಿಯಲ್ಲಿ ಮರಳುವ ರಿಯಾಯಿತಿಯನ್ನು ವ್ಯವಸ್ಥೆ ತಾನೇ ಲೆಕ್ಕ ಹಾಕುತ್ತದೆ. ರಾಜ್ಯ ಹೆದ್ದಾರಿಯಲ್ಲಿ ಅದು ಉಂಟೋ ಇಲ್ಲವೋ ಎಂಬುದನ್ನು ಫಲಕವೇ ಹೇಳಬೇಕು.

ಲೇನಿಗೆ ಬರುವಾಗ ವೇಗ ತಗ್ಗಿಸಿ, ಮುಂದಿನ ವಾಹನಕ್ಕೂ ನಿಮಗೂ ನಡುವೆ ಒಂದು ಕಾರಿನಷ್ಟು ಜಾಗ ಬಿಡಿ. ಇದು ಬರಿಯ ಶಿಷ್ಟಾಚಾರದ ಮಾತಲ್ಲ. ತೀರಾ ಹತ್ತಿರ ನಿಂತರೆ ರೀಡರ್ ಮುಂದಿನವರ ಟ್ಯಾಗ್ ಬದಲು ನಿಮ್ಮದನ್ನು ಮೊದಲು ಓದಿಬಿಡಬಹುದು. ಆಗ ಅವರ ಗೇಟ್ ನಿಮ್ಮ ಹಣದಲ್ಲಿ ತೆರೆಯುತ್ತದೆ, ನಿಮ್ಮ ಸರದಿ ಬಂದಾಗ ಯಂತ್ರ ತಬ್ಬಿಬ್ಬಾಗುತ್ತದೆ. ಮುಂದೆ ಲಾರಿ ಇದ್ದರಂತೂ ಈ ಅಂತರ ಬೇಕೇ ಬೇಕು, ನಿಮ್ಮ ಕಾರಿಗೆ ಲಾರಿಯ ದರ ಬೀಳುವ ತಪ್ಪುಗಳಲ್ಲಿ ಕೆಲವು ಹೀಗೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಬರುವುದರಿಂದಲೇ ಆಗುತ್ತವೆ.

ಲೇನಿನ ಪರದೆಯ ಮೇಲೆ ನಿಮ್ಮ ವಾಹನದ ಸಂಖ್ಯೆ ಅಥವಾ ವರ್ಗ, ಮತ್ತು ಮೊತ್ತ ಒಂದು ಕ್ಷಣ ಕಾಣುತ್ತದೆ. ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ತಪ್ಪು ಕಂಡರೆ ಅಲ್ಲಿಯೇ ಹೇಳುವುದು ಸುಲಭ.

ಗೇಟ್ ಏಳದಿದ್ದರೆ

ಮೊದಲು ಗಾಬರಿ ಬಿಡಿ. ಕೈ ರೀಡರಿನಿಂದ ಇನ್ನೊಮ್ಮೆ ಓದಿಸಿ ಎಂದು ಕೇಳಿ. ಟ್ಯಾಗ್ ಮೇಲೆ ಧೂಳು, ಪಕ್ಕದಲ್ಲಿ ಅಂಟಿಸಿದ ಇನ್ನೊಂದು ಸ್ಟಿಕ್ಕರ್, ಗಾಜಿನ ಮೇಲಿನ ಲೋಹದ ಲೇಪನವಿರುವ ಹಾಳೆ, ಇವುಗಳಿಂದಲೂ ಓದು ತಪ್ಪುತ್ತದೆ. ಓದಲು ಬಂದು, ಕಾರಣ ಕಡಿಮೆ ಬ್ಯಾಲೆನ್ಸ್ ಅಥವಾ ಕಪ್ಪುಪಟ್ಟಿ ಎಂದು ಪರದೆ ಹೇಳಿದರೆ, ಸಾಲಿನಲ್ಲಿ ನಿಂತು ರೀಚಾರ್ಜ್ ಮಾಡುತ್ತಾ ಹಿಂದಿನವರನ್ನು ಕಾಯಿಸಬೇಡಿ. ನಗದು ಅಥವಾ ಯುಪಿಐ ಮೂಲಕ ಕೊಟ್ಟು ಮುದ್ರಿತ ರಸೀದಿ ಪಡೆಯಿರಿ.

ಎಷ್ಟು ಕೊಡಬೇಕು ಎಂಬುದರಲ್ಲಿ ಮತ್ತೆ ಎರಡು ರಸ್ತೆಗಳ ವ್ಯತ್ಯಾಸ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 2025ರ ನವೆಂಬರ್ 15ರಿಂದ ಜಾರಿಯಾದ ತಿದ್ದುಪಡಿಯಂತೆ, ಚಾಲ್ತಿಯಲ್ಲಿರುವ ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐಯಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಎಂದು ನಿಗದಿಯಾಯಿತು. ನೂರು ರೂಪಾಯಿಯ ಟೋಲ್‌ಗೆ ನಗದಾದರೆ ಇನ್ನೂರು, ಯುಪಿಐಯಾದರೆ ನೂರ ಇಪ್ಪತ್ತೈದು. ಆ ತಿದ್ದುಪಡಿ ಮಾಡಿದ್ದು ಕೇಂದ್ರದ ನಿಯಮಕ್ಕೆ, ತಾನಾಗಿಯೇ ಅದು ರಾಜ್ಯದ ರಸ್ತೆಗೆ ಬರುವುದಿಲ್ಲ. ರಾಜ್ಯ ಹೆದ್ದಾರಿಯಲ್ಲಿ ಹೆಚ್ಚು ಕೇಳಿದರೆ, ಫಲಕದಲ್ಲೋ ಅಧಿಸೂಚನೆಯ ಪ್ರತಿಯಲ್ಲೋ ಅದನ್ನು ತೋರಿಸಲು ಕೇಳಿ. ತೋರಿಸಿದರೆ ಕೊಡಿ. ತೋರಿಸದೆ ಕೇಳಿದರೆ, ಕೊಟ್ಟ ಮೊತ್ತ ರಸೀದಿಯಲ್ಲಿ ಪೂರ್ತಿ ನಮೂದಾಗಿದೆಯೇ ನೋಡಿಕೊಂಡು ದೂರಿಗೆ ಇಟ್ಟುಕೊಳ್ಳಿ.

ಗೂಡಿನಲ್ಲಿರುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರಾತ್ರಿ ಹನ್ನೆರಡಕ್ಕೆ ಡೀಸೆಲ್ ಹೊಗೆ ಕುಡಿಯುತ್ತಾ ಕುಳಿತ ಆ ಹುಡುಗ ಹುಡುಗಿಯರು ದರ ನಿಗದಿ ಮಾಡಿದವರಲ್ಲ, ಪಟ್ಟಿಯನ್ನು ತಡ ಮಾಡಿದವರೂ ಅಲ್ಲ. ಅವರ ಮೇಲೆ ಕೂಗಾಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ವಿವರ ಬೇಕಿದ್ದರೆ ಶಿಫ್ಟಿನ ಮೇಲ್ವಿಚಾರಕರನ್ನು ಕರೆಯಿರಿ ಎಂದು ಸಮಾಧಾನವಾಗಿ ಕೇಳಿದರೆ ಅವರು ಕರೆಯುತ್ತಾರೆ.

ಆರನೇ ಹಂತ: ಸಂದೇಶವನ್ನು ಓದಿ, ತಪ್ಪಿದ್ದರೆ ಬಿಡಬೇಡಿ

ಪ್ರತಿ ಕಡಿತದ ಸಂದೇಶದಲ್ಲಿ ಟೋಲ್‌ನ ಹೆಸರು, ದಿನಾಂಕ, ಸಮಯ, ಮೊತ್ತ ಇರುತ್ತದೆ. ಸಂದೇಶ ಬಂದ ಸಮಯಕ್ಕಿಂತ ಅದರೊಳಗೆ ಬರೆದಿರುವ ಸಮಯ ಮುಖ್ಯ. ಆ ಹೊತ್ತಿಗೆ ನೀವು ಅಲ್ಲಿದ್ದಿರಾ ಎಂದು ಕೇಳಿಕೊಳ್ಳಿ. ಮೂವತ್ತು ನಲವತ್ತು ರೂಪಾಯಿ ತಾನೇ ಎಂದು ಬಿಟ್ಟುಬಿಡುವವರೇ ಹೆಚ್ಚು. ನನಗೆ ಅದು ಸರಿ ಕಾಣುವುದಿಲ್ಲ. ವಾರಕ್ಕೆ ಆರು ಸಲ ಅದೇ ಗೇಟ್ ದಾಟುವ ತರಕಾರಿ ಗಾಡಿಯವರಿಗೆ ಅದು ಸಣ್ಣ ಮೊತ್ತವಲ್ಲ, ಮತ್ತು ದೂರು ದಾಖಲಾಗದ ತಪ್ಪು ಸರಿಯಾಗುವುದೂ ಇಲ್ಲ.

ಸಾಮಾನ್ಯವಾಗಿ ಕಾಣುವ ತಪ್ಪುಗಳು ಇವು: ಒಂದೇ ದಾಟುವಿಕೆಗೆ ಎರಡು ಸಲ ಕಡಿತ, ನಗದು ಕೊಟ್ಟ ಮೇಲೂ ಕಡಿತ, ಕಾರಿಗೆ ದೊಡ್ಡ ವಾಹನದ ದರ, ಕಾರು ಮನೆಯಲ್ಲೇ ಇದ್ದಾಗ ಕಡಿತ. ದೀಪೋತ್ಸವದ ಆ ಪ್ರಯಾಣದಲ್ಲಿ ನನಗೆ ಆದದ್ದು ಎರಡನೆಯದು. ನಗದು ಕೊಟ್ಟು ದಾಟಿದ ಗೇಟಿನಿಂದಲೇ ಮರುದಿನ ಬೆಳಿಗ್ಗೆ ಕಡಿತದ ಸಂದೇಶ ಬಂತು. ರಸೀದಿ ಹೂವಿನ ಬುಟ್ಟಿಯ ತಳದಲ್ಲಿ ಒದ್ದೆಯಾಗಿ ಸಿಕ್ಕಿತು. ಚಿಕ್ಕಮ್ಮ ಅದನ್ನು ದೀಪದ ಪಕ್ಕದಲ್ಲಿಟ್ಟು ಒಣಗಿಸಿದರು. ರಸೀದಿಯ ಅಕ್ಷರ ಬೇಗ ಮಾಸುತ್ತದೆ, ಕೈಗೆ ಬಂದ ಕೂಡಲೇ ಫೋಟೊ ತೆಗೆದಿಡಬೇಕು ಎಂಬುದನ್ನು ಅಂದು ಕಲಿತೆ.

ದೂರು ಕೊಡುವ ಕ್ರಮ ಹೀಗೆ:

1. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ಫಾಸ್ಟ್ಯಾಗ್ ಪೋರ್ಟಲ್‌ನಲ್ಲಿ ವಹಿವಾಟುಗಳ ಪಟ್ಟಿ ತೆರೆಯಿರಿ, ತಪ್ಪಾದ ವಹಿವಾಟನ್ನು ಆರಿಸಿ, ತಕರಾರು ದಾಖಲಿಸುವ ಆಯ್ಕೆ ಒತ್ತಿ. ಟೋಲ್ ಗೇಟಿಗೆ ವಾಪಸ್ ಹೋಗಿ ಹಣ ಕೇಳುವ ಅಗತ್ಯವಿಲ್ಲ. ಹಣ ಮರಳುವ ದಾರಿ ನಿಮ್ಮ ಬ್ಯಾಂಕಿನಿಂದ ಟೋಲ್‌ನ ಬ್ಯಾಂಕಿಗೆ ಹೋಗಿ ಬರುತ್ತದೆ.

2. ಸರಿಯಾದ ಕಾರಣವನ್ನೇ ಆರಿಸಿ. 'ಎರಡು ಸಲ ಕಡಿತ' ಮತ್ತು 'ಬೇರೆ ವಿಧಾನದಲ್ಲಿ ಪಾವತಿಸಿದ್ದೆ' ಇವು ಬೇರೆ ಬೇರೆ ಕಾರಣಗಳು, ಅವುಗಳಿಗೆ ಕೇಳುವ ಪುರಾವೆಯೂ ಬೇರೆ.

3. ರಸೀದಿಯ ಫೋಟೊ, ಆರ್‌ಸಿ, ದರದ ಫಲಕದ ಫೋಟೊ, ಯಾವುದು ಪ್ರಸ್ತುತವೋ ಅದನ್ನು ಸೇರಿಸಿ. ಕಾರು ಮನೆಯಲ್ಲೇ ಇದ್ದಾಗ ಕಡಿತವಾಗಿದ್ದರೆ, ಆ ವಹಿವಾಟಿನ ವಾಹನದ ಚಿತ್ರ ತರಿಸಿ ನೋಡಿ ಎಂದು ಸ್ಪಷ್ಟವಾಗಿ ಬರೆಯಿರಿ. ಲೇನಿನ ಕ್ಯಾಮೆರಾ ತೆಗೆದ ಚಿತ್ರವೇ ಇಲ್ಲಿ ತೀರ್ಪು ಕೊಡುವ ಸಾಕ್ಷಿ.

4. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. 30 ದಿನದೊಳಗೆ ಬ್ಯಾಂಕ್ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ನನ್ನ ಹಣ ವಾಪಸ್ ಬಂತು. ಸಂದೇಶ ಬಂದಾಗ ಅದನ್ನು ಚಿಕ್ಕಮ್ಮನಿಗೆ ಮೊದಲು ತೋರಿಸಿದೆ.

ಹಣದ ತಕರಾರು ಬೇರೆ, ರಸ್ತೆಯ ದೂರು ಬೇರೆ. ಫಲಕದಲ್ಲಿ ದರ ಇಲ್ಲ, ರಸೀದಿ ಕೊಡುವುದಿಲ್ಲ, ಫಾಸ್ಟ್ಯಾಗ್ ಲೇನ್ ಸದಾ ಕೆಟ್ಟಿರುತ್ತದೆ, ಟೋಲ್ ಕಟ್ಟಿಯೂ ರಸ್ತೆಯಲ್ಲಿ ಗುಂಡಿ, ಇಂಥವು ಬ್ಯಾಂಕಿನ ಕೆಲಸವಲ್ಲ. 1033 ಸಹಾಯವಾಣಿ ರಾಷ್ಟ್ರೀಯ ಹೆದ್ದಾರಿಗಳಿಗೆ. ರಾಜ್ಯ ಹೆದ್ದಾರಿಯಾದರೆ ಟೋಲ್ ಕಚೇರಿಯ ದೂರು ಪುಸ್ತಕದಲ್ಲಿ ಬರೆದು, ಫಲಕದಲ್ಲಿ ಹೆಸರಿರುವ ಸಂಸ್ಥೆಗೆ ಅಥವಾ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಲಿಖಿತವಾಗಿ ಕೊಡಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲೂ ದಾಖಲಿಸಬಹುದು. ದಿನಾಂಕ, ಸಮಯ, ಲೇನಿನ ಸಂಖ್ಯೆ ಇರುವ ನಾಲ್ಕು ಸಾಲಿನ ದೂರು ಎರಡು ಪುಟದ ಆಕ್ರೋಶಕ್ಕಿಂತ ಬೇಗ ಕೆಲಸ ಮಾಡುತ್ತದೆ.

ದಿನವೂ ದಾಟುವವರಿಗೆ

ಗೇಟಿನ ಆಚೆ ಹೊಲ, ಈಚೆ ಮನೆ ಇರುವವರು, ಪಕ್ಕದ ತಾಲ್ಲೂಕಿನ ಶಾಲೆಗೆ ಪಾಠ ಮಾಡಲು ಹೋಗುವವರು ಮಾಸಿಕ ಪಾಸ್ ವಿಚಾರಿಸಬೇಕು. ಆರ್‌ಸಿ ಮತ್ತು ವಿಳಾಸದ ದಾಖಲೆಯ ಪ್ರತಿ ಹಿಡಿದು ಟೋಲ್ ಕಚೇರಿಗೇ ಹೋಗಿ. ಪಾಸನ್ನು ನಿಮ್ಮ ಟ್ಯಾಗ್‌ಗೆ ಜೋಡಿಸುತ್ತಾರೆ, ಅದು ಆ ಗೇಟಿಗೆ ಮಾತ್ರ ಅನ್ವಯ. ಟ್ಯಾಗ್ ಬದಲಾಯಿಸಿದರೆ ಪಾಸನ್ನೂ ಮತ್ತೆ ಜೋಡಿಸಬೇಕು, ಇಲ್ಲದಿದ್ದರೆ ಪೂರ್ತಿ ದರ ಬೀಳುತ್ತದೆ.

ಗಾಜು ಒಡೆದಾಗ, ಕಾರು ಮಾರಿದಾಗ

ಮುಂಗಾಜು ಬದಲಾಯಿಸಿದರೆ ಹಳೆಯ ಟ್ಯಾಗ್ ಗಾಜಿನ ಜೊತೆಗೇ ಹೋಗುತ್ತದೆ. ಗ್ಯಾರೇಜಿನಿಂದ ಹೊರಡುವ ಮುನ್ನವೇ ಬ್ಯಾಂಕಿಗೆ ಬದಲಿ ಟ್ಯಾಗ್ ಕೇಳಿ. ಬ್ಯಾಲೆನ್ಸ್ ಹೊಸದಕ್ಕೆ ಬರುತ್ತದೆ. ಬೇರೆ ಬ್ಯಾಂಕಿನ ಹೊಸ ಟ್ಯಾಗ್ ತಂದು ಅಂಟಿಸಿದರೆ 'ಒಂದು ವಾಹನಕ್ಕೆ ಒಂದೇ ಟ್ಯಾಗ್' ನಿಯಮದಂತೆ ಹಳೆಯದು ನಿಂತುಹೋಗುತ್ತದೆ, ಅದರಲ್ಲಿ ಉಳಿದ ಹಣಕ್ಕೆ ಮತ್ತೆ ಪತ್ರ ವ್ಯವಹಾರ ಮಾಡಬೇಕಾಗುತ್ತದೆ.

ಕಾರು ಮಾರುವಾಗ ಬೀಗದ ಕೈ ಕೊಡುವ ಮೊದಲು ಟ್ಯಾಗ್ ಖಾತೆ ಮುಚ್ಚಲು ಬ್ಯಾಂಕಿಗೆ ಕೋರಿಕೆ ಸಲ್ಲಿಸಿ. ಉಳಿದ ಬ್ಯಾಲೆನ್ಸ್ ಮತ್ತು ಟ್ಯಾಗ್ ಪಡೆದಾಗ ಕಟ್ಟಿದ್ದ ಭದ್ರತಾ ಠೇವಣಿ ನಿಮಗೆ ವಾಪಸ್ ಬರಬೇಕು. ಖಾತೆ ಮುಚ್ಚಿದ ಸಂದೇಶ ಬಂದ ಮೇಲೆ, ಕೊಳ್ಳುವವರ ಎದುರಿಗೇ ಟ್ಯಾಗನ್ನು ಗಾಜಿನಿಂದ ಕಿತ್ತು ಹರಿದುಹಾಕಿ. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಇದನ್ನು ಮಾಡಿರಲಿಲ್ಲ. ಕಾರು ಮಾರಿ ಎಂಟು ತಿಂಗಳಾದ ಮೇಲೂ, ಅವರು ಹೆಸರೇ ಕೇಳಿರದ ಊರಿನ ಟೋಲ್‌ಗಳಿಂದ ರಾತ್ರಿ ಹೊತ್ತು ಅವರ ಮೊಬೈಲಿಗೆ ಕಡಿತದ ಸಂದೇಶಗಳು ಬರುತ್ತಿದ್ದವು.